ನೆರಳು ಅಳೆದ ನೂಲು

ಸೆಪ್ಟೆಂಬರ್ 4, ಬೆಳಗ್ಗೆ

ಹೋಟೆಲಿನ ಮಾಣಿ ಮತ್ತೆ ಎರಡನೇ ಕಾಫಿ ತಂದಿಟ್ಟ. ಬೇಡ ಅಂದೆ, ಆದರೂ ತಂದಿಟ್ಟ. ನಿನ್ನೆಯೂ ಹೀಗೇ ಆಯಿತು. ತಪ್ಪು ನನ್ನದೇ. ಬೇಡ ಅನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತೇನೆ, ನಮ್ಮ ಬಲ್ಗೇರಿಯದಲ್ಲಿ ಎಲ್ಲರೂ ಆಡಿಸುವ ಹಾಗೆ. ಇಲ್ಲಿ ಸಿಸಿಲಿಯಲ್ಲಿ ಅದಕ್ಕೆ ಹೂಂ ಅಂತ ಅರ್ಥವಂತೆ. ಅರವತ್ತೆರಡು ವರ್ಷದ ಕತ್ತು ಐದು ದಿನದ ಪ್ರವಾಸಕ್ಕೆ ಪಾಠ ಕಲಿಯುತ್ತದೆಯೇ?

ಡೊಬ್ರಿ ನನ್ನ ಕಾಫಿಯನ್ನೂ ಕುಡಿದ. 'ಮದುವೆ ದಿನಾನೂ ನೀನು ಹಿಂಗೇ ತಲೆ ಆಡಿಸಿದ್ದೆ ಕಣೇ ವೆಲಿಕಾ. ರಿಜಿಸ್ಟ್ರಾರು ಇಟಲಿಯವನಿರಬೇಕು, ಹೂಂ ಅಂತ ಬರ್ಕೊಂಡ' ಅಂದ. ಇಡೀ ಮೇಜು ನಕ್ಕಿತು. ಪಿಂಚಣಿದಾರರ ಕ್ಲಬ್ಬಿನವರಿಗೆ ನಗಲು ಇಷ್ಟು ಸಾಕು.

ಇವನನ್ನು ಇಷ್ಟು ಖುಷಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಆಯಸ್ಸೆಲ್ಲ ಗಾರೆ ಕೆಲಸ ಮಾಡಿದವನು. ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಹಳೇ ಗ್ರೀಕರ ದೇವಾಲಯ ಇನ್ನೂ ಹೇಗೆ ನಿಂತಿದೆ ನೋಡಬೇಕು ಅನ್ನುತ್ತಲೇ ಇದ್ದ. ದೇಶ ಬಿಟ್ಟು ಹೊರಗೆ ಕಾಲಿಟ್ಟಿದ್ದು ಇದೇ ಮೊದಲು, ನಾವಿಬ್ಬರೂ.

ಸೆಪ್ಟೆಂಬರ್ 5

ಕಾಲು ಊದಿದೆ. ಇವತ್ತೆಲ್ಲ ಬರೀ ಮೆಟ್ಟಿಲು. ಕ್ರುಮ್ ಮೇಷ್ಟ್ರು ಪ್ರತಿ ಕಲ್ಲಿನ ಮುಂದೆಯೂ ನಿಂತು ಲೆಕ್ಕ ಹೇಳುತ್ತಾರೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಬಾಯಿ, ನಿವೃತ್ತಿಯಾದರೆ ಮುಚ್ಚುತ್ತದೆಯೇ. ಅವರ ಹೆಂಡತಿ ಇಸ್ಕ್ರಾ ಎಲ್ಲದಕ್ಕೂ ಫೋಟೋ. ಊಟದ ಮೇಜಿನ ಉಪ್ಪಿನ ಡಬ್ಬಿಯನ್ನೂ ಬಿಟ್ಟಿಲ್ಲ. ಪಟ್ಟಣದವರು, ಆದರೂ ಒಳ್ಳೆಯವರು.

ದೊಡ್ಡ ದೇವಾಲಯ ನಾಳೆ. ಡೊಬ್ರಿ ಈಗಲೇ ಅಂಗಿ ಆರಿಸುತ್ತಿದ್ದಾನೆ.

ಸೆಪ್ಟೆಂಬರ್ 6, ಸಂಜೆ, ಬಸ್ಸಿನಲ್ಲಿ

ಆಗಬಾರದ್ದು ಆಗಿಹೋಯಿತು. ಬರೆದರಾದರೂ ಸರಿಹೋಗುತ್ತದೇನೋ.

ದೇವಾಲಯ ಬಯಲಿನಲ್ಲಿ ಒಂಟಿಯಾಗಿ ನಿಂತಿತ್ತು. ಸುತ್ತ ಒಣಹುಲ್ಲು, ಆಚೆ ಸಮುದ್ರ. ಕಂಬಗಳನ್ನು ನೋಡಿ ಡೊಬ್ರಿ ಟೋಪಿ ತೆಗೆದ. ಪಕ್ಕದ ಮೋಟುಗೋಡೆಗೆ ಯಾರೋ ಗಾರೆ ಕೆಲಸದವನು ಸುಣ್ಣ ತುಂಬುತ್ತಿದ್ದ. ಡೊಬ್ರಿಗೆ ಇನ್ನೇನು ಬೇಕು?

ಮೇಷ್ಟ್ರಿಗೆ ಕಂಬದ ಎತ್ತರ ತಿಳಿಯಬೇಕಿತ್ತು. ಮನುಷ್ಯನ ನೆರಳು ಅಳೆದು, ಕಂಬದ ನೆರಳು ಅಳೆದು, ಏನೋ ಭಾಗಾಕಾರ. ನನ್ನ ಹೆಣಿಗೆ ಚೀಲದಿಂದ ಕೆಂಪು ಉಣ್ಣೆ ನೂಲು ಕೇಳಿದರು. ಕಂಬ ಅಳೆಯುವುದಕ್ಕೆ ಅಂದುಕೊಂಡು ಕೊಟ್ಟುಬಿಟ್ಟೆ. ಆಮೇಲೆ ನೋಡಿದರೆ, ಡೊಬ್ರಿಯನ್ನು ನಿಲ್ಲಿಸಿ, ಅವನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ನೂಲು ಗಾಳಿಗೆ ಹಾರದ ಹಾಗೆ ತುದಿಯ ಮೇಲೆ ಕಾಲಿಡಿ ಅಂದರು. ಎದುರಿಗೆ ಇಳಿಬಿಸಿಲು. ಕಣ್ಣು ಮುಚ್ಚಿ ನಿಂತೆ. ನೆರಳು ಹಿಂದಕ್ಕೆ ಬಿದ್ದಿತ್ತು, ಮೇಷ್ಟ್ರು ಅಲ್ಲಿ ಬಗ್ಗಿ ಡೊಬ್ರಿಯ ನೆರಳಿನ ಉದ್ದಕ್ಕೆ ನೂಲು ಹಾಸುತ್ತಿದ್ದರು.

ಆಗಲೇ ಬೇಡ ಅನ್ನಬೇಕಿತ್ತು. ನಮ್ಮದು ಗಾರೆಯವರ ಊರು. ಕಟ್ಟಡ ಏಳುವ ಕಡೆ ನಮ್ಮ ಊರಲ್ಲಿ ಯಾರೂ ನೆರಳು ಚೆಲ್ಲಿ ನಡೆಯುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ. ನೆರಳನ್ನು ನೂಲಿನಿಂದ ಅಳೆದು ಆ ನೂಲನ್ನು ಗೋಡೆಯಲ್ಲಿ ಮುಚ್ಚಿದರೆ ಗೋಡೆ ಬೀಳುವುದಿಲ್ಲ. ನೆರಳು ಯಾರದೋ ಅವರು ನಲವತ್ತು ದಿನದೊಳಗೆ ಸಾಯುತ್ತಾರೆ. ಸತ್ತು ಆ ಗೋಡೆಗೇ ಕಾವಲಾಗುತ್ತಾರೆ. ಮೇಷ್ಟ್ರ ಮುಂದೆ ಇದನ್ನೆಲ್ಲ ಹೇಳಿದರೆ ನಗುತ್ತಾರೆ. ಆಮೇಲೆ ನೂಲು ಇಸಕೊಂಡು ಸುಟ್ಟುಬಿಟ್ಟರಾಯಿತು, ಸುಟ್ಟರೆ ದೋಷವಿಲ್ಲ ಅಂದುಕೊಂಡೆ.

ಮೇಷ್ಟ್ರು ಲೆಕ್ಕ ಬರೆಯುವಷ್ಟು ಹೊತ್ತು ನೂಲು ಹಾರಬಾರದೆಂದು ಅದನ್ನು ಸುತ್ತಿ ಆ ಮೋಟುಗೋಡೆಯ ಸಂದಿಗೆ ಸಿಕ್ಕಿಸಿದರು. ಬರೆಯುತ್ತಾ ಡೊಬ್ರಿಯ ಜೊತೆ ಕಂಬದ ಕಡೆ ನಡೆದರು. ಮರೆತರು. ನಾನು ಓಡಿದೆ. ಅಷ್ಟರಲ್ಲಿ ಆ ಕೆಲಸದವನು ಅದೇ ಸಂದಿಗೆ ಬಂದಿದ್ದ. ಕರಣೆ ತುಂಬ ಸುಣ್ಣ. ನೂಲು ತೋರಿಸಿ, ಸಂದು ತೋರಿಸಿ, ನನ್ನ ಮುಖ ನೋಡಿದ. ಇರಲೋ ಅಂತ.

ನಾನು ತಲೆ ಆಡಿಸಿದೆ. ಮೇಲೆ ಕೆಳಗೆ. ಬೇಡ, ಬೇಡ, ಬೇಡ ಅಂತ ಕತ್ತು ನೋಯುವಷ್ಟು ಆಡಿಸಿದೆ.

ಅವನು ನಕ್ಕು, ಕರಣೆಯ ಮೂತಿಯಿಂದ ನೂಲನ್ನು ಒಳಕ್ಕೆ ತಳ್ಳಿ ಸುಣ್ಣ ಬಳಿದ.

ಬೆರಳು ಹಾಕಿ ಕೆರೆದೆ. ಕಾವಲುಗಾರ ಸೀಟಿ ಊದುತ್ತಾ ಬಂದು ತೋಳು ಹಿಡಿದು ದೂರ ನಿಲ್ಲಿಸಿದ. ಬಸ್ಸು ಹೊರಡಲು ನಿಂತಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ ಇದೆ.

ಡೊಬ್ರಿಗೆ ಬಸ್ಸಿನಲ್ಲಿ ಹೇಳಿದೆ. ಬಿಳಿಚಿಕೊಂಡ. ಆಮೇಲೆ ನಕ್ಕ. ನಗು ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ಸೆಪ್ಟೆಂಬರ್ 7, ವಿಮಾನದಲ್ಲಿ

ಬೆಳಗ್ಗೆ ಗೈಡ್ ಹುಡುಗಿಯ ಕಾಲಿಗೆ ಬೀಳುವುದೊಂದು ಬಾಕಿ. ಒಂದು ಗಂಟೆ ವಾಪಸ್ ಕರೆದುಕೊಂಡು ಹೋಗಮ್ಮ ಅಂದೆ. ವಿಮಾನ ತಪ್ಪುತ್ತದೆ ಅಂದಳು. ಏನು ಬಿಟ್ಟು ಬಂದಿರಿ ಅಂತ ಕೇಳಿದಳು.

ಡೊಬ್ರಿ ಕಿಟಕಿಯ ಸೀಟು ನನಗೆ ಕೊಟ್ಟ. ಬರುವಾಗ ಜಗಳವಾಡಿ ತಾನೇ ಕೂತವನು.

ಸೆಪ್ಟೆಂಬರ್ 9

ಮನೆ. ಟೊಮ್ಯಾಟೊ ಅರ್ಧ ಕೊಳೆತಿದೆ. ಯಾರ ಹತ್ತಿರವೂ ಹೇಳಬೇಡ ಅಂದ ಡೊಬ್ರಿ. ಊರವರು ಬಾಯಿಗೆ ಬಂದ ಹಾಗೆ ಆಡುತ್ತಾರಂತೆ. ಅದೆಲ್ಲ ಅಜ್ಜಂದಿರ ಕಾಲದ ಮಾತು, ಸಿಮೆಂಟು ಬಂದ ಮೇಲೆ ಯಾವ ಭೂತವೂ ಇಲ್ಲ ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇವನು ಸತ್ತರೆ ನಾನು ಕೊಂದ ಹಾಗೆಯೇ. ಈ ಕತ್ತಿನಿಂದ.

ಸೆಪ್ಟೆಂಬರ್ 16

ಕೆಂಪು ಮೆಣಸಿನಕಾಯಿ ಸುಡುವ ಕೆಲಸ. ಅಂಗಳವೆಲ್ಲ ಹೊಗೆ. ಪ್ರತಿ ವರ್ಷ ಸುಟ್ಟದ್ದು ಸುಟ್ಟಂತೆ ರೊಟ್ಟಿಗೆ ಹಾಕಿ ತಿನ್ನುವವನು ಈ ಸಲ ಮುಟ್ಟಲಿಲ್ಲ. ಅಂಗಿಯ ಕತ್ತುಪಟ್ಟಿ ಸಡಿಲಾಗಿದೆ. ಕೆನ್ನೆ ಒಳಗೆ ಹೋಗಿದೆ.

ಮಧ್ಯಾಹ್ನ ಒಂದು ಗಳಿಗೆ ಮಲಗಿದ್ದೆ. ಆ ಗೋಡೆ ಕಂಡಿತು. ಬಿಸಿಲಲ್ಲಿ ನಿಂತಿದ್ದೇನೆ, ಕಾಲು ಕೀಳಲು ಆಗುತ್ತಿಲ್ಲ. ಜನ ಬಂದು ನೋಡಿ ಹೋಗುತ್ತಾರೆ, ಯಾರಿಗೂ ನಾನು ಕಾಣುವುದಿಲ್ಲ. ಡೊಬ್ರಿಯನ್ನು ಹುಡುಕುತ್ತೇನೆ, ಅವನು ಎಲ್ಲೂ ಇಲ್ಲ. ಎದ್ದಾಗ ಬಾಯೆಲ್ಲ ಸುಣ್ಣ ತಿಂದ ಹಾಗೆ. ನೀರು ಕುಡಿದೆ, ಹೋಗಲಿಲ್ಲ. ಮೊಸರು ಕುಡಿದೆ, ಹೋಗಲಿಲ್ಲ.

ಕಣ್ಣು ಬಿಟ್ಟಾಗ ಡೊಬ್ರಿ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಏನೋ ಅಂದರೆ ಏನಿಲ್ಲ ಅಂದ.

ಸೆಪ್ಟೆಂಬರ್ 20

ಅವನನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಎದೆ, ರಕ್ತ, ಮೂತ್ರ, ಎಲ್ಲ ಸರಿಯಿದೆ. ಕಲ್ಲಿನಂತಿದ್ದಾನೆ, ಸ್ವಲ್ಪ ಊಟ ಮಾಡಲಿ ಅಂದರು. ಇವನು ಕುರ್ಚಿ ಬಿಟ್ಟೇಳದೆ, ಇವಳದ್ದೂ ನೋಡಿ ಅಂತ ಹಟ. ನನಗೇನಾಗಿದೆ? ಅಂದೆ. ಬಂದದ್ದು ಬಂದಾಯಿತು, ನೋಡಲಿ ಬಿಡು ಅಂದ. ನನ್ನದು ನೋಡಿ ಡಾಕ್ಟರು ರಕ್ತದೊತ್ತಡ ಸ್ವಲ್ಪ ಜಾಸ್ತಿ ಅಂದಾಗ ಮನುಷ್ಯ ಕೂತಲ್ಲೇ ಬೆವರಿದ. ತನ್ನದು ಸಾಲದು ಅಂತ ನನ್ನದೂ ಚಿಂತೆ.

ಹುಂಜ ಕಡಿದೆ, ಸಂಜೆಗೆ ಮುಂಚೆ. ಹಳಬರು ಮನುಷ್ಯರ ಬದಲು ಹುಂಜ ಕೊಡುತ್ತಿದ್ದರಂತೆ. ಅದನ್ನು ಗೋಡೆಯ ಬುಡದಲ್ಲಿ ಕಡಿಯಬೇಕು. ನಮ್ಮ ಕೋಳಿಗೂಡಿನ ಗೋಡೆಯ ಬುಡದಲ್ಲಿ ಕಡಿದರೆ ಸಿಸಿಲಿಗೆ ತಲುಪುತ್ತದೆಯೇ, ಗೊತ್ತಿಲ್ಲ. ಯಾಕೆ ಕಡಿದೆ ಅಂತ ಡೊಬ್ರಿ ಕೇಳಲಿಲ್ಲ. ಸಾರು ಮಾಡಿ ಬಡಿಸಿದರೆ ಒಳ್ಳೆಯ ತುಂಡೆಲ್ಲ ನನ್ನ ತಟ್ಟೆಗೆ ಹಾಕಿದ.

ಸೆಪ್ಟೆಂಬರ್ 28

ಜಗಳ. ನೆಲಮಾಳಿಗೆಗೆ ಹೋಗಬೇಡ, ಮೆಟ್ಟಿಲು ಜಾರುತ್ತೆ. ಅಣಬೆಗೆ ಕಾಡಿಗೆ ಹೋಗಬೇಡ. ರಸ್ತೆ ದಾಟಬೇಡ, ಹಾಲು ನಾನೇ ತರ್ತೀನಿ ಅನ್ನುತ್ತಾನೆ ಡೊಬ್ರಿ. ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೆಮ್ಮುತ್ತಾ ನಿಂತಿರುತ್ತಾನೆ. ಒಂಟಿಯಾಗಿರಲು ಹೆದರುತ್ತಿದ್ದಾನೆ, ಬಾಯಿಬಿಟ್ಟು ಹೇಳುವುದಿಲ್ಲ, ನನಗೆ ಗೊತ್ತು. ಆದರೂ ತಡೆಯಲಾಗಲಿಲ್ಲ. ನಾನೇನು ಕುರುಡಿಯಾ, ಬಾಲದ ಹಾಗೆ ಯಾಕೆ ಹಿಂದೆ ಬರ್ತೀಯ ಅಂತ ರೇಗಿದೆ. ಅವನು ಎದ್ದು ಹೋಗಿ ಬೇಲಿಯ ಹತ್ತಿರ ನಿಂತ. ಭುಜ ಅಲ್ಲಾಡುತ್ತಿತ್ತು.

ಇವನು ಅಳುವುದನ್ನು ನಾನು ನೋಡಿದ್ದೇ ಇಲ್ಲ. ತಾಯಿ ಸತ್ತಾಗಲೂ ಇಲ್ಲ. ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಅಕ್ಟೋಬರ್ 3

ಡೊಬ್ರಿ ಇಲ್ಲ. ಪ್ಲೋವ್‌ದಿವ್‌ನಲ್ಲಿ ಯಾರದೋ ಒಲೆಗೂಡು ಕಟ್ಟಬೇಕಂತೆ, ಮೂರು ದಿನದ ಕೆಲಸ. ಈ ಮೈಯಲ್ಲಿ ಕೆಲಸವೇ ಅಂದೆ. ಕೇಳಲಿಲ್ಲ. ಕರಣೆ ತೆಗೆದುಕೊಂಡ, ಉಳಿ ತೆಗೆದುಕೊಂಡ, ಮತ್ತೆ ಅವೆರಡನ್ನೂ ಹೊರಗಿಟ್ಟ. ಗಾರೆಯವನು ಬರಿಗೈಲಿ ಯಾವ ಒಲೆಗೂಡು ಕಟ್ಟುತ್ತಾನೆ? ಒಳ್ಳೆಯ ಅಂಗಿ ಹಾಕಿಕೊಂಡು ಹೋದ. ಪಕ್ಕದ ಮನೆಯವಳಿಗೆ ನನ್ನ ಮೇಲೆ ಕಣ್ಣಿಡಲು ಹೇಳಿ ಹೋಗಿದ್ದಾನೆ, ಅವಳು ಬೆಳಗಿನಿಂದ ಮೂರು ಸಲ ಉಪ್ಪು ಕೇಳಲು ಬಂದಳು.

ಅಕ್ಟೋಬರ್ 4, ಮಧ್ಯಾಹ್ನ

ಇಸ್ಕ್ರಾ ಬಂದಿದ್ದಳು. ಪ್ರವಾಸದ ಫೋಟೋಗಳನ್ನು ತೊಳೆಸಿ ತಂದಿದ್ದಳು, ಪೊಟ್ಟಣ ತುಂಬ. ಕಾಫಿ ಕೊಟ್ಟೆ. ಕೂತವಳೇ, ಡೊಬ್ರಿ ತಲುಪಿ ಫೋನ್ ಮಾಡಿದರಾ ಅಂದಳು. ಪ್ಲೋವ್‌ದಿವ್ ಏನು ಮಹಾ ದೂರ ಅಂದೆ. ಅವಳು ಕಪ್ಪು ಕೆಳಗಿಟ್ಟಳು. ಸಿಸಿಲಿಗಲ್ಲವೇ ಹೋಗಿದ್ದು, ಟಿಕೆಟ್ ತೆಗೆಸಿಕೊಟ್ಟದ್ದು ನಮ್ಮನೆಯವರೇ, ಆ ಗೋಡೆ ಇನ್ನೊಂದು ಸಲ ನೋಡಬೇಕು ಅಂದರು ಅಂದಳು.

ಸುಳ್ಳು ಹೇಳಿ ಹೋದನಲ್ಲ ಅನಿಸಿತು. ಆದರೆ ಒಳಗೆಲ್ಲೋ ಹಿಗ್ಗು. ಕೊನೆಗೂ ನಂಬಿದ, ತನ್ನ ನೂಲು ತಾನೇ ಕಿತ್ತು ತರಲು ಹೋದ, ಬದುಕುತ್ತಾನೆ ಅಂದುಕೊಂಡೆ.

ಇಸ್ಕ್ರಾ ಪೊಟ್ಟಣದ ತಳದಿಂದ ಒಂದು ಫೋಟೋ ತೆಗೆದಳು. ಇದನ್ನು ವೆಲಿಕಾಗೆ ಕೊಡಲೇಬೇಡ ಅಂತ ಡೊಬ್ರಿ ಊರಿಗೆ ಬಂದ ಮಾರನೇ ದಿನವೇ ಫೋನ್ ಮಾಡಿ ಹೇಳಿದ್ದನಂತೆ. 'ನಿಮ್ಮ ಮುಖ ಸೊಟ್ಟ ಬಂದಿದೆ ಅಂತಿರಬೇಕು. ನಂಗೇನೋ ಚೆನ್ನಾಗೇ ಕಂಡಿತು, ತಂದೆ' ಅಂದಳು.

ಫೋಟೋದಲ್ಲಿ ನಾನು ಗೂಟದ ಹಾಗೆ ನಿಂತಿದ್ದೇನೆ. ಅಗಲ ಅಂಚಿನ ಹುಲ್ಲಿನ ಟೋಪಿ, ಮುಚ್ಚಿದ ಕಣ್ಣು, ಕಾಲಡಿ ನೂಲಿನ ತುದಿ. ಪಕ್ಕದಲ್ಲಿ ಡೊಬ್ರಿ ಇಲ್ಲ. ಅವನು ಆಗಲೇ ಗೋಡೆಯ ಹತ್ತಿರ ಹೋಗಿದ್ದಾನೆ, ಆ ಕೆಲಸದವನ ಕರಣೆ ಇಸಕೊಂಡು ನೋಡುತ್ತಿದ್ದವನು ಕತ್ತು ತಿರುಗಿಸಿ ನಮ್ಮ ಕಡೆ ನೋಡುತ್ತಿದ್ದಾನೆ. ನನ್ನ ಹಿಂದೆ ನೆಲದ ಮೇಲೆ ಇರುವುದು ಒಂದೇ ನೆರಳು. ಅಗಲ ಅಂಚಿನ ಟೋಪಿಯ ನೆರಳು. ಕೆಂಪು ನೂಲು ನನ್ನ ಕಾಲಿನಿಂದ ಆ ಟೋಪಿಯವರೆಗೆ ನೆಟ್ಟಗೆ ಬಿದ್ದಿದೆ. ಮೇಷ್ಟ್ರು ಅಲ್ಲಿ ಬಗ್ಗಿದ್ದಾರೆ.

ಅಳೆದದ್ದು ನನ್ನನ್ನು.

ಅದೇ ದಿನ, ಸಂಜೆ

ಮೊದಲು ಬಂದದ್ದು ಸಂತೋಷ, ಸುಳ್ಳು ಯಾಕೆ ಬರೆಯಲಿ. ಇಸ್ಕ್ರಾಳನ್ನು ಕಳಿಸಿ ಅಡುಗೆಮನೆಯಲ್ಲಿ ಕೂತು ನಕ್ಕೆ. ಡೊಬ್ರಿಗೆ ಏನೂ ಆಗುವುದಿಲ್ಲ. ನಾನು ಕೊಂದಿಲ್ಲ. ಆಮೇಲೆ ಬಾಯಲ್ಲಿ ಆ ಸುಣ್ಣದ ರುಚಿ ಬಂತು. ಅಂಗಾಲು ಸುಡತೊಡಗಿತು, ಕಾಲಡಿ ಇದ್ದದ್ದು ತಣ್ಣನೆಯ ನೆಲ.

ಗೋಡೆಯ ಹತ್ತಿರ ನಿಂತವಳು ನಾನೇ. ಕನಸೆಂದುಕೊಂಡಿದ್ದೆ.

ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ಕಣ್ಣಾರೆ ನೋಡಿದ್ದ. ಬಸ್ಸಿನಲ್ಲಿ ನಾನು, ನಿನ್ನ ನೂಲು ಮುಚ್ಚಿಬಿಟ್ಟ ಅಂತ ಅತ್ತಾಗ, ನಂದಲ್ಲ ಕಣೇ ನಿಂದು ಅಂತ ಹೇಗೆ ಹೇಳುತ್ತಾನೆ. ನಕ್ಕ. ಅಂದಿನಿಂದ ಊಟ ಬಿಟ್ಟದ್ದು, ಬಚ್ಚಲ ಬಾಗಿಲು ಕಾದದ್ದು, ಬೇಲಿಯ ಹತ್ತಿರ ಅತ್ತದ್ದು... ನಾನು ಅವನ ಮುಖ ನೋಡಿ ಸೊರಗಿದೆ, ಅವನು ನನ್ನ ಮುಖ ನೋಡಿ ಸೊರಗಿದ. ಎರಡು ಮುದಿ ಕತ್ತೆಗಳು.

ಫೋನ್ ಮಾಡಿದೆ. ಎತ್ತುತ್ತಿಲ್ಲ.

ಅಕ್ಟೋಬರ್ 5

ಎತ್ತುತ್ತಿಲ್ಲ.

ಸುಮ್ಮನೆ ಕೂರಲಾಗದೆ ಬೀರು ತೆಗೆದೆ. ಅವನ ಚಳಿಗಾಲದ ಬನಿಯನ್‌ಗಳನ್ನು ಮೇಲೆ ಇಟ್ಟೆ, ಹುಡುಕಬಾರದು. ಬೀನ್ಸ್ ಕಾಳಿನ ಡಬ್ಬಿ ಯಾವುದು, ಅಕ್ಕಿ ಯಾವುದು, ಅವನಿಗೆ ಗೊತ್ತಿಲ್ಲ. ಬಟ್ಟೆ ಒಗೆಯುವ ಯಂತ್ರದ ಗುಂಡಿ ಗೊತ್ತಿಲ್ಲ. ಬಂದ ಮೇಲೆ ತೋರಿಸಬೇಕು, ಸುಮ್ಮನೆ ಮಾತಿಗೆ ತೋರಿಸುವ ಹಾಗೆ. ಸಿಟ್ಟು ಬಂತು. ಇಷ್ಟು ವರ್ಷ ಏನೂ ಕಲಿಯದ ಇವನ ಮೇಲೆ, ಕಲಿಸದ ನನ್ನ ಮೇಲೆ. ಸಾಯಲು ನನಗೆ ಪುರುಸೊತ್ತು ಎಲ್ಲಿದೆ?

ಹೆದರಿಕೆಯೂ ಇದೆ. ಇದೆ. ಇಲ್ಲಿ ಅಮ್ಮನ ಸಮಾಧಿಯ ಪಕ್ಕ ಮಲಗಿದ್ದರೆ ಆಗುತ್ತಿತ್ತು. ಅಲ್ಲಿ ಆ ಬಯಲಿನಲ್ಲಿ, ಆ ಒಣಹುಲ್ಲಿನಲ್ಲಿ, ಪ್ರತಿ ದಿನ ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತಾ...

ಅಕ್ಟೋಬರ್ 7, ಮಧ್ಯಾಹ್ನ

ಬಂದ. ಒಳ್ಳೆಯ ಅಂಗಿಯ ತೋಳಿಗೆ ಸುಣ್ಣ. ಬಲಗೈ ಉಗುರುಗಳು ಒಡೆದಿವೆ. ಹಸಿವು ಅಂದ. ಬೀನ್ಸ್ ಕಾಳಿನ ಸೂಪು ಮೂರು ಬಟ್ಟಲು ತಿಂದ, ರೊಟ್ಟಿಯಲ್ಲಿ ತಟ್ಟೆ ಒರೆಸಿ ತಿಂದ. ನಾನು ಎದುರಿಗೆ ಕೂತೆ. ಫೋಟೋ ಮೇಜಿನ ಮೇಲಿಟ್ಟೆ.

ಅವನು ಅದನ್ನು ನೋಡಿದ. ಇಸ್ಕ್ರಾಗೆ ಬಾಯಿ ನಿಲ್ಲಲ್ಲ ಅಂದ.

ಕಿತ್ತೆಯಾ ಅಂತ ಕೇಳಿದೆ. ಸುಳ್ಳು ಹೇಳಲು ಒಂದು ಗಳಿಗೆ ಯೋಚಿಸಿದ್ದು ಕಂಡಿತು. ಕೊನೆಗೆ, 'ಆಗ್ಲಿಲ್ಲ ಕಣೇ' ಅಂದ. ವಿಮಾನಕ್ಕೆ ಉಳಿ ಬಿಡುವುದಿಲ್ಲವೆಂದು ಮೇಷ್ಟ್ರು ಹೇಳಿದ್ದರಂತೆ. ಅಲ್ಲಿ ಒಂದು ಮೊಳೆ ಸಿಕ್ಕಿತಂತೆ, ಅದರಿಂದ ಕೆರೆದನಂತೆ. ಕೆಲಸದವರು ಊಟಕ್ಕೆ ಹೋದ ಹೊತ್ತು, ಕಾವಲುಗಾರ ಆ ಕಡೆ ತಿರುಗಿದ ಹೊತ್ತು. ಎರಡು ದಿನ ಹಾಗೆ. ಗಾರೆ ಕಲ್ಲಾಗಿದೆ. ಒಳ್ಳೆಯ ಕೆಲಸಗಾರ ಅವನು, ಸುಣ್ಣ ಸರಿಯಾಗಿ ಹದ ಮಾಡಿದ್ದಾನೆ ಅಂದ. ಇಂಥ ಹೊತ್ತಿನಲ್ಲೂ ಹೊಗಳಿಕೆ. ಬೆರಳಿನಷ್ಟು ಆಳ ಹೋಗಿತ್ತು, ನೂಲಿನ ಕೆಂಪು ಒಂದು ಚೂರು ಕಂಡಿತು, ಎಳೆದರೆ ಎಳೆ ಕಿತ್ತು ಬಂತು, ಉಳಿದದ್ದು ಒಳಗೇ.

ಆ ಎಳೆ ತೋರಿಸಿದ. ಜೇಬಿನಲ್ಲಿತ್ತು. ಇರುವೆಯ ಉದ್ದ.

ಹಾಗಾದರೆ ಇಷ್ಟು ನೆಮ್ಮದಿಯಾಗಿ ಹೇಗೆ ಉಂಡೆ? ಅಂದೆ. ಕೇಳಿದ ಮೇಲೆ ಹೊಳೆಯಿತು. ಆ ತೂತಿಗೆ ಏನು ಹಾಕಿ ಮುಚ್ಚಿದೆ ಡೊಬ್ರಿ ಅಂದೆ.

ಕತ್ತು ಬಗ್ಗಿಸಿ ತಟ್ಟೆಯ ಅಂಚು ಸವರಿದ. 'ಹೋಟೆಲ್ ಹುಡುಗಿ ಹತ್ರ ನೂಲು ಇಸ್ಕೊಂಡಿದ್ದೆ. ಬಿಸಿಲು ಚೆನ್ನಾಗಿತ್ತು. ನನ್ನ ನೆರಳು ನಾನೇ ಅಳೆದೆ, ಕಾಲಡಿ ಒಂದು ಕಲ್ಲಿಟ್ಕೊಂಡು. ನಿನ್ನ ನೂಲಿನ ಪಕ್ಕದಲ್ಲೇ ಸೇರಿಸಿ ಅವ್ರ ಬಕೆಟ್ಟಿನ ಸುಣ್ಣದಲ್ಲೇ ಮುಚ್ದೆ.'

ಹೊಡೆದೆ. ಕೈಗೆ ಸಿಕ್ಕಿದ ಒರೆಸುವ ಬಟ್ಟೆಯಿಂದ ಹೊಡೆದೆ, ಆಮೇಲೆ ಕೈಯಿಂದಲೇ. ಮುದುಕ, ತಲೆ ಕೆಟ್ಟವನೇ, ಯಾರು ಕೇಳಿದ್ದರು ನಿನ್ನ ಅಂತ ಬೈದೆ. ನೀನಾದರೂ ಇರುತ್ತೀಯ ಅಂತ ಮೂರು ದಿನ ಸಮಾಧಾನ ಮಾಡಿಕೊಂಡಿದ್ದೆ, ಅದನ್ನೂ ತೆಗೆದುಬಿಟ್ಟೆಯಲ್ಲ ಅಂತ ಅತ್ತೆ. ಅವನು ತಡೆಯಲಿಲ್ಲ. ಹೊಡೆಸಿಕೊಂಡು ಕೂತ. ನನ್ನ ಉಸಿರು ಮುಗಿದ ಮೇಲೆ ಹೇಳಿದ:

'ಅಲ್ಲಿನ ಭಾಷೆ ನಿಂಗೆ ಬರಲ್ಲ ವೆಲಿಕಾ. ಒಬ್ಬಳೇ ಹೆಂಗಿರ್ತೀಯ?'

ಅಕ್ಟೋಬರ್ 11, ಬೆಳಗ್ಗೆ

ಬಿಸಿಲಿದೆ. ಸುಣ್ಣದ ರುಚಿ ಇದೆ. ನಿನ್ನೆ ಮಧ್ಯಾಹ್ನದ ನಿದ್ದೆಯಲ್ಲಿ ಗೋಡೆ ಮತ್ತೆ ಬಂತು. ಆದರೆ ಈ ಸಲ ಪಕ್ಕದಲ್ಲಿ ಯಾರೋ ಕೆಮ್ಮಿದರು.

ಡೊಬ್ರಿ ಚೆನ್ನಾಗಿ ತಿನ್ನುತ್ತಾನೆ. ಶಿಳ್ಳೆ ಹಾಕುತ್ತಾನೆ. ಅವನ ಮೇಲೆ ನನ್ನ ಸಿಟ್ಟು ಇಳಿದಿಲ್ಲ. ಬೆಳಗ್ಗೆ ಎದ್ದು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತೇವೆ, ಇದ್ದಾರೆಯೇ ಅಂತ. ಇದ್ದೇವೆ. ಕಾಫಿ ಇಡುತ್ತೇನೆ. ನಲವತ್ತು ದಿನ ತುಂಬಲು ನನಗೆ ಇನ್ನೂ ಸ್ವಲ್ಪ ಇದೆ, ಅವನಿಗೆ ಇನ್ನೂ ಬಹಳ ಇದೆ. ಅದೇ ಹೆಚ್ಚು ಸಂಕಟ. ನಾನು ಮೊದಲು ಹೋದರೆ ಆ ನಡುವಿನ ದಿನಗಳಲ್ಲಿ ಇವನಿಗೆ ಸೂಪು ಯಾರು ಮಾಡುತ್ತಾರೆ?

ಗೇಟಿನ ಹತ್ತಿರ ಸೌದೆಯವನ ಗಾಡಿ ನಿಂತಿದೆ. ಪ್ರತಿ ವರ್ಷದ ಹಾಗೆ ಬಂದಿದ್ದಾನೆ, ಚಳಿಗಾಲಕ್ಕೆ ಎಷ್ಟು ಇಳಿಸಲಿ ಅಂತ ಕೇಳುತ್ತಿದ್ದಾನೆ. ಡೊಬ್ರಿ ಎದುರಿಗೆ ನಿಂತಿದ್ದಾನೆ. ಬೆನ್ನು ಕಾಣುತ್ತಿದೆ. ಟೋಪಿ ತೆಗೆದು ತಲೆ ಕೆರೆದ. ಈಗ ಮನೆಯ ಕಡೆ ತಿರುಗಿ, ವೆಲಿಕಾ, ಎಷ್ಟು ಹೇಳ್ಲಿ ಅಂತ ಕೂಗಿದ.

ಏನು ಹೇಳಲಿ. ಒಂದು ತಿಂಗಳಿಗೆ ಅನ್ನಲೇ.

ಮತ್ತೆ ಕೂಗುತ್ತಿದ್ದಾನೆ. ದನಿ ಸಣ್ಣದಾಗಿದೆ. ಪಾಪ, ಅವನಿಗೂ ಹೆದರಿಕೆ. ಪೂರ್ತಿ ಗಾಡಿ ಇಳಿಸಿಕೊಳ್ಳೋ ಮುದುಕ, ಬರುವ ವರ್ಷಕ್ಕೂ ಸೇರಿಸಿ ಇಳಿಸಿಕೋ, ಅಂತ ಹೇಳಬೇಕು. ಅಂಗಾಲು ಮತ್ತೆ ಸುಡುತ್ತಿದೆ, ಆದರೂ ಕಿಟಕಿಯಿಂದಲ್ಲ, ಹೋಗಿ ಪಕ್ಕದಲ್ಲಿ ನಿಂತು ಹೇಳ...